ಉಣ್ಣೆಯ ಬಸಿರು, ಕರಕೋಲ್‌ನ ಮಗಳು

ನಮ್ಮೂರಿಗೆ ಹೊಸ ಸೊಸೆ ಬಂದರೆ ಜನ ಒಂದು ತಿಂಗಳು ಅವಳ ಮುಖ ನೋಡುತ್ತಾರೆ. ಆಮೇಲೆ ಹೊಟ್ಟೆ ನೋಡಲು ಶುರುಮಾಡುತ್ತಾರೆ. ಕಿರ್ಗಿಜ್ ಗಡಿಗೆ ಅಂಟಿದ ಕಾರ್ಕಾರಾ ಬಯಲಿನ ಅಂಚಿನ ಚಿಕ್ಕ ಊರು ನಮ್ಮದು. ಇನ್ನೂರು ಮನೆ, ಒಂದು ಶಾಲೆ, ಒಂದು ಆಸ್ಪತ್ರೆ ಕೋಣೆ. ಆ ಕೋಣೆಯ ನರ್ಸಮ್ಮ ನಾನು, ಹೆಸರು ಜಮಾಲ್. ಇಪ್ಪತ್ತಾರು ವರ್ಷದಿಂದ ಊರಿನ ಹೆರಿಗೆ, ಜ್ವರ, ಕುದುರೆಯಿಂದ ಬಿದ್ದವರ ಕೈಕಾಲು ಎಲ್ಲ ನನ್ನ ಪಾಲು. ನನ್ನ ಬಾಯಿ ಸ್ವಲ್ಪ ಜೋರು ಅಂತಲೂ ಹೆಸರಿದೆ. ಇರಲಿ.

ಕಳೆದ ಆಗಸ್ಟಿನಲ್ಲಿ ರೈಖಾನ್ ನನ್ನ ಕೋಣೆಗೆ ಬಂದಳು. ಇವಳು ಕುಲ್ಪಾಶಜ್ಜಿಯ ಸೊಸೆ, ಟ್ರ್ಯಾಕ್ಟರ್ ಓಡಿಸುವ ತೊಲೆಗೆನ್‌ನ ಹೆಂಡತಿ. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಸೊಸೆ ಬಸುರಿ ಎಂದು ಅಜ್ಜಿಯೇ ವಸಂತದಲ್ಲಿ ಊರಿಗೆಲ್ಲ ಸಾರಿದ್ದಳು. ನನ್ನ ಹತ್ತಿರ ಮಾತ್ರ ಒಂದು ಸಲವೂ ಪರೀಕ್ಷೆಗೆ ಕಳಿಸಿರಲಿಲ್ಲ. ಪಟ್ಟಣದ ದೊಡ್ಡ ಡಾಕ್ಟರಿಗೆ ತೋರಿಸುತ್ತಿದ್ದೇವೆ ಎಂದು ನನ್ನ ಬಾಯಿ ಮುಚ್ಚಿಸಿದ್ದಳು. ಆ ದಿನ ರೈಖಾನ್ ಒಳಗೆ ಬಂದವಳೇ ಬಾಗಿಲು ಹಾಕಿ, ಬೆವರುಗುಳ್ಳೆಗೆ ಮುಲಾಮು ಕೇಳಿದಳು. ಎಲ್ಲಿ, ತೋರಿಸು ಅಂದೆ. ಅಂಗಿ ಎತ್ತಿದಳು. ಅಲ್ಲಿ ಹೊಟ್ಟೆಯಿರಲಿಲ್ಲ, ಉಣ್ಣೆಯಿತ್ತು.

ಉಣ್ಣೆ ಒತ್ತಿ ಹಾಸುಗಳನ್ನು ಮಾಡುವುದರಲ್ಲಿ ಕುಲ್ಪಾಶಜ್ಜಿಯದು ಎತ್ತಿದ ಕೈ. ಅದೇ ಕೈಯಲ್ಲಿ ಸೊಸೆಗೆ ಮೂರು ಹೊಟ್ಟೆ ಹೊಲಿದಿದ್ದಳು. ನಾಲ್ಕು ತಿಂಗಳದ್ದೊಂದು, ಆರರದ್ದೊಂದು, ಎಂಟರದ್ದೊಂದು. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಮುಲಾಮು ಹಚ್ಚುತ್ತಿದ್ದಂತೆ ರೈಖಾನ್ ಎಲ್ಲವನ್ನೂ ಹೇಳಿಕೊಂಡಳು. ಗಂಡ ಹೆಂಡತಿ ದತ್ತು ಮಗುವಿಗೆ ಅರ್ಜಿ ಹಾಕಿ ಒಂದೂವರೆ ವರ್ಷವಾಗಿತ್ತು. ಗಡಿಯಾಚೆ, ಕಿರ್ಗಿಜ್ ಕಡೆಯಿಂದ ಮಗು ಸಿಗಬಹುದು ಎಂದು ಕಚೇರಿಯವರು ತಿಳಿಸಿದ್ದರು. ಅತ್ತೆಯೂ ಒಪ್ಪಿದ್ದಳು, ಆದರೆ ಷರತ್ತು ಹಾಕಿದ್ದಳು. ಹಸುಗೂಸೇ ಆಗಿರಬೇಕು, ರೈಖಾನ್ ಹೆತ್ತದ್ದೆಂದೇ ಊರು ನಂಬಬೇಕು, ಆ ಮಗುವಿಗೂ ಸಾಯುವ ತನಕ ಗೊತ್ತಾಗಬಾರದು.

ಈಗ ಕಚೇರಿಯಿಂದ ಫೋನ್ ಬಂದಿತ್ತು. ಕರಕೋಲ್ ಊರಿನ ಮಕ್ಕಳ ಮನೆಯಲ್ಲಿ ಒಬ್ಬಳಿದ್ದಾಳೆ, ಹೆಸರು ಐಜಿರೆಕ್, ಬಂದು ನೋಡಿ ಎಂದು. ವಯಸ್ಸು ಮೂರೂವರೆ. ಉಣ್ಣೆಯ ಹೊಟ್ಟೆಯಿಂದ ಮೂರೂವರೆ ವರ್ಷದ ಹುಡುಗಿಯನ್ನು ಹೆರಿಸುವುದು ನನ್ನ ಕೈಯಲ್ಲೂ ಆಗದ ಕೆಲಸ.

ಆ ಸಂಜೆ ನಾನೇ ಕುಲ್ಪಾಶಜ್ಜಿಯ ಮನೆಗೆ ಹೋದೆ. ಹಾಲು ಹಾಕಿದ ಚಹಾ ಬಗ್ಗಿಸಿಕೊಟ್ಟು, ಎಣ್ಣೆಯಲ್ಲಿ ಕರಿದ ಬೌರ್ಸಾಕಿನ ತಟ್ಟೆಯನ್ನು ಮುಂದೆ ತಳ್ಳಿ, ಅಜ್ಜಿ ತನ್ನ ತೀರ್ಮಾನ ಹೇಳಿದಳು. ಈ ಹುಡುಗಿ ಬೇಡ ಎಂದು ಕಚೇರಿಗೆ ತಿಳಿಸುವುದು, ಕೂಸು ಸಿಗುವವರೆಗೆ ಕಾಯುವುದು. ಅಷ್ಟರಲ್ಲಿ ಈ ಬಸಿರು ಇಳಿದುಹೋಯಿತು ಎಂದು ನಾನು ಊರಿಗೆ ಹೇಳಬೇಕಂತೆ. ಆ ಕೆಲಸಕ್ಕೆ ನನ್ನನ್ನು ಕರೆಯಬೇಡಿ ಅಂದೆ. ಅಜ್ಜಿ ತನ್ನ ಬಟ್ಟಲು ಕೆಳಗಿಟ್ಟಳು. ಆಮೇಲೆ ಅವಳು ಆಡಿದ ಮಾತು ಮೊಂಡುತನದ್ದಾಗಿರಲಿಲ್ಲ, ಭಯದ್ದು.

"ನೋಡು ಜಮಾಲ್, ನಮ್ಮಲ್ಲಿ ಮಗು ಮಾತಾಡೋಕೆ ಕಲಿತ ತಕ್ಷಣ ಏಳು ತಲೆಮಾರಿನ ತಾತಂದಿರ ಹೆಸರು ಹೇಳಿಸ್ತಾರೆ. ಇವಳೂ ಹೇಳ್ತಾಳೆ, ಸರಿ. ನಾಳೆ ಇವಳ ಮದುವೆ ದಿನ ಯಾರೋ ಬಂದು, ಅವರು ನಿನ್ನ ತಾತಂದಿರಲ್ಲ ಕಣೆ ಅಂದ್ರೆ ಆ ಹುಡುಗಿ ಗತಿ ಏನು?"

"ಅಂದೇ ಅಂತಾರೆ ಅಜ್ಜಿ, ನಮ್ಮೂರು ಗೊತ್ತಲ್ಲ. ಅವರು ಅನ್ನೋಕೆ ಮುಂಚೆ ನೀವೇ ಅವಳನ್ನ ಕೂರಿಸ್ಕೊಂಡು ಹೇಳಿದ್ರೆ, ಅವರ ಹತ್ರ ಅನ್ನೋಕೆ ಏನು ಉಳಿಯುತ್ತೆ?"

ಅಜ್ಜಿ ಚಹಾದ ಬಟ್ಟಲುಗಳನ್ನು ಎತ್ತಿಟ್ಟಳು. ಹೋಗುವವರು ಹೋಗಲಿ, ಮೂರೂವರೆ ವರ್ಷದವಳು ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ ಎಂದಷ್ಟೇ ಹೇಳಿದಳು.

ಸೆಪ್ಟೆಂಬರಿನ ಮೊದಲ ವಾರ ಹೊರಟೆವು. ನನ್ನ ತಂಗಿಯನ್ನು ಕರಕೋಲ್ ಪಕ್ಕದ ಹಳ್ಳಿಗೇ ಕೊಟ್ಟಿರುವುದರಿಂದ ಅವಳ ಮನೆಯಲ್ಲಿ ಇಳಿದುಕೊಳ್ಳುವುದೆಂದಾಗಿ, ನಾನೂ ರಜೆ ಹಾಕಿ ಜೊತೆಗೆ ಹೋದೆ. ಟ್ಯಾಕ್ಸಿಯಲ್ಲಿ ನಮ್ಮೂರಿನ ಇನ್ನಿಬ್ಬರು ಹೆಂಗಸರೂ ಇದ್ದರು, ಗಡಿಯಾಚೆಯ ಸಂತೆಗೆ ಹೊರಟವರು. ಅವರು ಇದ್ದರೆಂದೇ ರೈಖಾನ್ ಎಂಟು ತಿಂಗಳ ಹೊಟ್ಟೆ ಕಟ್ಟಿಕೊಂಡಿದ್ದಳು. ನಾನು ಎಷ್ಟು ಹೇಳಿದರೂ ಅತ್ತೆಗೆ ಮಾತು ಕೊಟ್ಟಿದ್ದೇನೆ ಎಂದು ಕೇಳಲಿಲ್ಲ.

ಗಡಿಯ ಗೇಟಿನಲ್ಲಿ ಒಬ್ಬ ಹೆಣ್ಣು ಅಧಿಕಾರಿ ಕಾಗದ ನೋಡಿದಳು. ಯಾಕೆ ಹೋಗುತ್ತಿದ್ದೀರಿ ಎಂದು ಕೇಳಿದಳು. ತೊಲೆಗೆನ್ ದತ್ತಿನ ಕಡತ ಬಿಚ್ಚಿಟ್ಟ. ಅದರಲ್ಲಿ ರೈಖಾನ್‌ಳ ಆರೋಗ್ಯದ ಪ್ರಮಾಣಪತ್ರವಿತ್ತು, ಗರ್ಭಿಣಿಯಲ್ಲ ಎಂದು ಬರೆದಿತ್ತು. ಅಧಿಕಾರಿ ಕಾಗದ ನೋಡಿ, ಹೊಟ್ಟೆ ನೋಡಿ, ಇದರಲ್ಲಿ ಯಾವುದು ಸುಳ್ಳು ಎಂದಳು. ಕಾಗದ ಸುಳ್ಳಾದರೆ ಒಂದೂವರೆ ವರ್ಷದ ಓಡಾಟವೆಲ್ಲ ನೀರಿನಲ್ಲಿ ಹೋಮ. ಹಿಂದೆ ಸಾಲಿನಲ್ಲಿ ನಮ್ಮೂರಿನ ಹೆಂಗಸರು ಕತ್ತು ಉದ್ದ ಮಾಡಿಕೊಂಡು ನಿಂತಿದ್ದರು. ರೈಖಾನ್ ಒಮ್ಮೆ ಅವರತ್ತ ತಿರುಗಿ ನೋಡಿದಳು. ಬೆನ್ನ ಹಿಂದೆ ಕೈ ಹಾಕಿ ದಾರ ಬಿಚ್ಚಿ, ಅಂಗಿಯ ಕೆಳಗಿನಿಂದ ಆ ಉಣ್ಣೆಯ ಗಂಟು ಎಳೆದು ಮೇಜಿನ ಮೇಲಿಟ್ಟಳು.

"ಇದು ಸುಳ್ಳು. ಆಚೆ ಕಡೆ ಮೂರೂವರೆ ವರ್ಷದವಳು ಒಬ್ಬಳಿದ್ದಾಳೆ, ಅವಳನ್ನ ನೋಡೋಕೆ ಹೋಗ್ತಿದೀನಿ."

ಅಧಿಕಾರಿ ಮುದ್ರೆ ಒತ್ತಿದಳು. ಹಿಂದಿದ್ದ ಹೆಂಗಸರಲ್ಲಿ ಹಿರಿಯಳು ಮುಂದೆ ಬಂದು ರೈಖಾನ್‌ಳ ಚೀಲ ಎತ್ತಿಕೊಂಡಳು. ಉಣ್ಣೆ ಅಲ್ಲೇ ಮೇಜಿನ ಮೇಲೆ ಉಳಿಯಿತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಮಕ್ಕಳ ಮನೆ ತಲುಪಿದೆವು. ಉದ್ದನೆಯ ಬೆಂಚಿನಲ್ಲಿ ಮಕ್ಕಳು ಗಂಜಿ ಕುಡಿಯುತ್ತಿದ್ದರು. ಮೂರನೆಯವಳೇ ಐಜಿರೆಕ್ ಎಂದು ಆಯಾ ಮೆಲ್ಲಗೆ ತೋರಿಸಿದಳು. ಅವಳು ಒಮ್ಮೆ ತಲೆಯೆತ್ತಿ ನಮ್ಮನ್ನು ನೋಡಿ ಮತ್ತೆ ಗಂಜಿಗೆ ಬಾಗಿದಳು. ಕುಡಿದು ಮುಗಿಸಿ, ಬಟ್ಟಲು ಒಯ್ದು ಇಟ್ಟು, ತನ್ನ ಜಾಗ ಒರೆಸಿ, ಕೈಕಟ್ಟಿ ಕೂತಳು. ನಾನು ಬೆರಗಾಗಿ ನಿಂತುಬಿಟ್ಟೆ. ನಾವ್ಯಾರೂ ಇಲ್ಲದೆ ಈ ಜೀವ ಮೂರೂವರೆ ವರ್ಷ ಬದುಕಿತ್ತು. ಹಲ್ಲು ಬಂದಿತ್ತು, ಮಾತು ಬಂದಿತ್ತು, ಅಳು ನುಂಗುವುದೂ ಬಂದಿತ್ತು. ಇಂಥವಳನ್ನು ಈಗಷ್ಟೇ ಹುಟ್ಟಿದಳು ಎಂದು ಊರಿಗೆ ಹೇಳಲು ಹೊರಟಿದ್ದೆವಲ್ಲ ಎಂದು ನಾಚಿಕೆಯಾಯಿತು.

ಆಯಾ ನಮಗೆ ನಿಯಮ ತಿಳಿಸಿದಳು. ದಿನವೂ ಇದೇ ಹೊತ್ತಿಗೆ ಬರಬೇಕು, ವಾರಗಟ್ಟಲೆ. ಗೊಂಬೆ, ಮಿಠಾಯಿ ಹೊತ್ತು ತರಬಾರದು, ಮಗು ಅವುಗಳನ್ನು ನೋಡುತ್ತದೆಯೇ ಹೊರತು ನಿಮ್ಮನ್ನಲ್ಲ. ಎತ್ತಿಕೊಳ್ಳಲು ಆತುರ ಪಡಬಾರದು. ನ್ಯಾಯಾಲಯದ ತೀರ್ಪು ಬರುವ ತನಕ ಮನೆಗೆ ಕರೆದೊಯ್ಯುವ ಮಾತು ಕೊಡಬಾರದು. ಬರುತ್ತೇವೆಂದ ಹೊತ್ತಿಗೆ ಮಾತ್ರ ತಪ್ಪದೆ ಬರಬೇಕು.

ಎರಡು ದಿನ ಐಜಿರೆಕ್ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಒಂದು ಕಾಲುಚೀಲ ತಂದು ರೈಖಾನ್‌ಳ ಕೈಗೆ ಕೊಟ್ಟಳು. ಇನ್ನೊಂದನ್ನು ತಾನೇ ಹಾಕಿಕೊಂಡಳು. ಐದನೆಯ ದಿನ ತೊಲೆಗೆನ್‌ನ ಗಡ್ಡ ಮುಟ್ಟಿ ನೋಡಿದಳು. ಮಾತೇ ಆಡದ ಆ ಮನುಷ್ಯ ಅಂದು ಊಟ ಮುಗಿಯುವ ತನಕ ಅದನ್ನೇ ಮೂರು ಸಲ ಹೇಳಿದ.

ಹತ್ತನೆಯ ದಿನ ನಾವು ಹತ್ತಿದ್ದ ಬಾಡಿಗೆ ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿತು. ಓಡುತ್ತಾ ನಡೆಯುತ್ತಾ ಮಕ್ಕಳ ಮನೆ ಸೇರಿದಾಗ ಮಧ್ಯಾಹ್ನ ಒಂದು ಗಂಟೆ. ಬಾಗಿಲ ಬಳಿ ಚಪ್ಪಲಿ ಇಡುವ ಹಲಗೆಯ ಪಕ್ಕ ಐಜಿರೆಕ್ ಕೋಟು ಹಾಕಿಕೊಂಡು ನಿಂತಿದ್ದಳು. ಬೆಳಿಗ್ಗೆ ಗಂಜಿ ಕುಡಿದ ಮೇಲೆ ಹಾಕಿಕೊಂಡದ್ದು, ಊಟಕ್ಕೂ ಬಿಚ್ಚಲಿಲ್ಲ ಎಂದಳು ಆಯಾ. ರೈಖಾನ್ ಅವಳ ಮುಂದೆ ಮಂಡಿಯೂರಿದಳು. 

"ಗುಂಡಿ ನಾನೇ ಹಾಕ್ಕೊಂಡೆ," ಅಂದಳು ಐಜಿರೆಕ್.

ಹಾಗೆ ಹೇಳಿ ರೈಖಾನ್‌ಳ ಕೊರಳಿಗೆ ತೋಳು ಹಾಕಿದಳು. ಇಪ್ಪತ್ತಾರು ವರ್ಷ ಹೆರಿಗೆ ಮಾಡಿಸಿದವಳು ನಾನು. ಎಷ್ಟೋ ತಾಯಂದಿರು ಮಗುವಿನ ಮುಖ ಮೊದಲ ಸಲ ನೋಡಿದ ಗಳಿಗೆಯಲ್ಲಿ ಪಕ್ಕದಲ್ಲಿ ನಿಂತಿದ್ದೇನೆ. ಆ ಬಾಗಿಲ ಬಳಿ ನನ್ನ ಮೈ ಅಷ್ಟೇ ಜುಮ್ಮೆಂದಿತು.

ಮೂರನೆಯ ವಾರ ಕುಲ್ಪಾಶಜ್ಜಿ ಬಂದಳು. ಮನೆಯಲ್ಲಿರುವ ದೊಡ್ಡವರೆಲ್ಲ ಒಪ್ಪಿ ಸಹಿ ಹಾಕಬೇಕು ಎಂದು ನ್ಯಾಯಾಲಯ ಕೇಳಿತ್ತು. ಸಹಿ ಇಲ್ಲದಿದ್ದರೆ ಐಜಿರೆಕ್ ಅಲ್ಲೇ ಉಳಿಯುತ್ತಿದ್ದಳು. ಬರುವುದು ನೋಡುವುದಕ್ಕೆ, ಸಹಿಯ ಮಾತು ಬೇರೆ ಎಂದು ಹೇಳಿ, ಅಜ್ಜಿ ಮಕ್ಕಳ ಮನೆಯ ದಾರಿಯುದ್ದಕ್ಕೂ ಬಿಗಿದ ಮುಖದಲ್ಲೇ ಇದ್ದಳು. 

ಆ ಮನೆಯ ಮಕ್ಕಳಿಗೆ ನೆಂಟರು ಅಂದರೆ ಏನೆಂದು ಗೊತ್ತಿಲ್ಲ. ಹೊರಗಿನವರು ಬಂದರೆ ಯಾರೋ ಒಬ್ಬರು ಹೊರಡುತ್ತಾರೆ, ಅಷ್ಟೇ ಗೊತ್ತು. ಐಜಿರೆಕ್ ಅಜ್ಜಿಯ ಮುಂದೆ ಬಂದು ನಿಂತು, ಅವಳ ಬಿಳಿ ತಲೆವಸ್ತ್ರವನ್ನು ಕತ್ತೆತ್ತಿ ನೋಡಿದಳು.

"ಅಜ್ಜಿ, ನೀನು ಯಾರನ್ನ ಕರ್ಕೊಂಡು ಹೋಗೋಕೆ ಬಂದೆ?"

ಕೋಣೆಯ ಮಕ್ಕಳೆಲ್ಲ ಆಟ ನಿಲ್ಲಿಸಿ ಅಜ್ಜಿಯತ್ತ ತಿರುಗಿದರು. ಕುಲ್ಪಾಶಜ್ಜಿ ನಿಧಾನವಾಗಿ ನೆಲದ ಮೇಲೆ ಕೂತಳು, ಮಂಡಿ ನೋವೆಂದು ಹತ್ತು ವರ್ಷದಿಂದ ನೆಲಕ್ಕೆ ಕೂರದವಳು.

"ನಿನ್ನನ್ನೇ ಕಣೆ," ಅಂದಳು. "ನಿನ್ನನ್ನೇ."

ಅಂದೇ ಸಹಿ ಹಾಕಿದಳು.

ಇಲ್ಲಿಗೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ತೀರ್ಪು, ಕಾಗದ, ಎರಡು ದೇಶದ ಮುದ್ರೆ ಎಲ್ಲ ಆಗುವಷ್ಟರಲ್ಲಿ ಡಿಸೆಂಬರ್ ಬಂತು. ಕಾರ್ಕಾರಾ ಗೇಟು ಹಿಮಕ್ಕೆ ಮುಚ್ಚಿತ್ತು. ಗಂಡ ಹೆಂಡತಿ ಐಜಿರೆಕ್‌ಳನ್ನು ಕರೆದುಕೊಂಡು ಸುತ್ತುದಾರಿಯಲ್ಲಿ ಎರಡು ದಿನ ಪಯಣ ಮಾಡಿ ಮನೆ ಸೇರಿದರು.

ಕುಲ್ಪಾಶಜ್ಜಿ ಕುರಿ ಕಡಿಸಿ ಊರನ್ನೇ ಊಟಕ್ಕೆ ಕರೆದಳು. ಬೆಂದ ಕುರಿಯ ಮೊಣಕಾಲಿನ ಮೂಳೆಯೊಂದನ್ನು ತಾನೇ ತಂದು, ಹಿರಿಯರ ಎದುರಿಗೆ ಐಜಿರೆಕ್‌ಳ ಕೈಗೆ ಕೊಟ್ಟಳು. ಬೇರೆಡೆಯ ಮಗುವನ್ನು ತನ್ನದು ಮಾಡಿಕೊಳ್ಳುವಾಗ ನಮ್ಮ ಹಿಂದಿನವರು ಹೀಗೇ ಮಾಡುತ್ತಿದ್ದರು. ನೋಡಿದವರೆಲ್ಲ ಸಾಕ್ಷಿ, ಆಮೇಲೆ ಆ ಮಗು ಇವರದಲ್ಲ ಅನ್ನುವ ಹಕ್ಕು ಯಾರಿಗೂ ಇಲ್ಲ. ದತ್ತು ತಂದದ್ದನ್ನು ಎಲ್ಲರೂ ಬಚ್ಚಿಡಲು ಕಲಿತ ಮೇಲೆ ಈ ಪದ್ಧತಿ ಮೂಲೆ ಸೇರಿತ್ತು.

"ಸೊಸೆ ಬಸುರಿ ಅಂತ ನಾನು ಹೇಳಿದ್ದು ಸುಳ್ಳು," ಅಂದಳು ಅಜ್ಜಿ. ಧ್ವನಿ ಗಟ್ಟಿಯಾಗಿಯೇ ಇತ್ತು. "ಇವಳನ್ನ ನಾವು ಹೆತ್ತಿಲ್ಲ. ಹೋಗಿ, ದಿನಾ ಅವಳ ಎದುರಿಗೆ ಕೂತು, ಅವಳು ಒಪ್ಪಿದ ಮೇಲೆ ಕರ್ಕೊಂಡು ಬಂದ್ವಿ. ಹೆಸರೂ ಅವಳದೇ, ಐಜಿರೆಕ್. ಇನ್ಮೇಲೆ ಯಾರಾದ್ರೂ ಇವಳ ಕಿವಿಗೆ ಗುಟ್ಟು ಹೇಳೋಕೆ ಬಂದ್ರೆ ಸುಮ್ನೆ ಯಾಕೆ ಬಾಯಿ ನೋಯಿಸ್ಕೋತೀರಿ, ಅವಳಿಗೇ ಎಲ್ಲ ಗೊತ್ತು."

 ಮೂಳೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ ಐಜಿರೆಕ್, ಇದನ್ನು ತಿನ್ನಬಹುದಾ ಎಂದು ಕೇಳಿದಳು. ಆಮೇಲೆ ಮನೆಯೆಲ್ಲ ನಗು.

ಅದಾಗಿ ನಾಲ್ಕನೆಯ ದಿನ ನಮ್ಮೂರಿನ ಒಬ್ಬ ಹೆಂಗಸು ನನ್ನ ಕೋಣೆಗೆ ಬಂದಳು. ಹೆಸರು ಹೇಳುವುದಿಲ್ಲ. ಬಾಗಿಲು ಹಾಕಿ ಕೂತು, "ಜಮಾಲಕ್ಕ, ನನ್ನ ಮಗನಿಗೆ ಹತ್ತೊಂಬತ್ತು ತುಂಬ್ತು. ಅವನಿಗೆ ಹೇಗೆ ಹೇಳೋದು?" ಅಂದಳು.

ಇದನ್ನು ಓದುತ್ತಿರುವ ಅಪ್ಪ, ಅಮ್ಮ, ಅಜ್ಜಿಯರೇ, ಮಗು ಬೇಕೆಂದರೆ ನೆಟ್ಟಗೆ ಕಚೇರಿಯ ಬಾಗಿಲು ತಟ್ಟಿ, ಅಡ್ಡದಾರಿ ಹಿಡಿಯಬೇಡಿ. ಗಡಿ ದಾಟಿ ಹೋಗಬೇಕಾದರೆ ಹೋಗಿ, ಆ ಮಗುವಿನ ಎದುರಿಗೆ ಅದು ಒಪ್ಪುವಷ್ಟು ದಿನ ಕೂತಿರಿ. ಅದರ ಹೆಸರನ್ನು ಅದಕ್ಕೇ ಬಿಡಿ. ನಿಮ್ಮ ಮನೆಗೆ ಹೀಗೆ ಬಂದ ಮಗು ಈಗಾಗಲೇ ಇದ್ದರೆ, ಬೇರೆಯವರ ಬಾಯಿಂದ ಕೇಳುವ ಮೊದಲು ನೀವೇ ಹೇಳಿ. ಮಾತು ಹೊರಡದಿದ್ದರೆ ನನ್ನ ಕೋಣೆಗೆ ಬನ್ನಿ. ಆ ತಾಯಿ ನಾಳೆ ಬೆಳಿಗ್ಗೆ ಮಗನನ್ನು ಕರೆದುಕೊಂಡು ಬರುತ್ತಿದ್ದಾಳೆ. ಹೇಳುವುದು ಅವಳೇ, ಪಕ್ಕದಲ್ಲಿ ನಾನು ಕೂತಿರುತ್ತೇನೆ.