ಆರು ಗಜದ ಅಜ್ಜ

ಟೊಲೆಡೊ ತಂಡ ಆರ್ವಿಲ್ ಟೀಗ್‌ನನ್ನು ಕೈಬಿಟ್ಟ ಮೂರನೇ ದಿನಕ್ಕೆ ನಮ್ಮವರು ಅವನನ್ನು ಕರೆತಂದರು. ಬರುವ ಭಾನುವಾರವೇ ಟೊಲೆಡೊ ಜೊತೆ ನಮ್ಮ ಪಂದ್ಯ. ಇದರಲ್ಲಿ ಏನೋ ಮಸಲತ್ತಿದೆ ಎಂದು ನನಗೆ ಅವತ್ತೇ ಅನ್ನಿಸಿತು. ಎರಡೂ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಓಡುವ ಮೂವತ್ತೈದರ ಮನುಷ್ಯನನ್ನು ಚೆಂಡು ಹಿಡಿಯಲು ಯಾರಾದರೂ ಸುಮ್ಮನೆ ತರುತ್ತಾರೆಯೇ?

ನಮ್ಮದು ಅಮೆರಿಕನ್ ಫುಟ್‌ಬಾಲ್; ಅದರಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ನಾನು. ಆ ವರ್ಷ ನಮ್ಮ ಊರಿನ ಬಾರುಗಳಲ್ಲಿ ಟ್ಯಾಡ್ ಎಂಬ ನನ್ನ ಹೆಸರು ಬೈಗುಳದ ಜೊತೆಯೇ ಬರುತ್ತಿತ್ತು. ಹತ್ತು ಗಜ ದಾಟಬೇಕಾದಲ್ಲಿ ಎರಡು ಯತ್ನಕ್ಕೆ ನಾಲ್ಕು ಗಜ ಹೋಗುತ್ತಿದ್ದೆವು. ಮೂರನೆಯದರಲ್ಲಿ ಉಳಿದ ಆರು ದಾಟಲಾಗದೆ ಚೆಂಡನ್ನು ಎದುರಾಳಿಗೆ ಒದ್ದು ಕೊಡುತ್ತಿದ್ದೆವು. "ನಿನ್ನ ತಪ್ಪಿಂದ ಇನ್ನೊಂದು ಪಂದ್ಯ ಹೋದ್ರೆ ಬ್ರೆನ್ ಆಡ್ತಾನೆ" ಎಂದು ಕೋಚ್ ಕ್ರೌಸ್ ಮುಖಕ್ಕೇ ಹೇಳಿದ್ದರು. ಬ್ರೆನ್ ಬೆಂಚಿನ ಮೇಲೆ ಕಾಯುತ್ತಿದ್ದ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್. ಅವನೂ ಟೀಗೂ ಹಿಂದೆ ಒಂದೇ ತಂಡದಲ್ಲಿ ಆಡಿದವರು. ಈಗ ಮಧ್ಯಾಹ್ನದ ಊಟಕ್ಕೂ ಒಂದೇ ಮೇಜು.

ಅಭ್ಯಾಸದ ಮೊದಲ ದಿನ, ಆಟದ ಪುಸ್ತಕದಲ್ಲಿ ಬರೆದಂತೆ ಟೀಗ್ ಎಂಟು ಗಜ ಓಡಿ ಹೊರಕ್ಕೆ ತಿರುಗಬೇಕಿತ್ತು. ಆರಕ್ಕೇ ನಿಂತುಬಿಟ್ಟ. ನಾನು ಎಸೆದದ್ದು ನೆಟ್ಟಗೆ ಎದುರಿನವನ ಕೈಗೆ ಹೋಯಿತು.

"ಏನಜ್ಜಾ, ಎಂಟರ ತನಕ ಎಣಿಸೋಕೆ ಬರಲ್ವಾ?" ಎಂದೆ.

"ಬರುತ್ತೆ ಮರಿ. ಎಂಟರಲ್ಲಿ ಒಬ್ಬ ಕಾಯ್ತಾ ನಿಂತಿದ್ದ, ನೋಡ್ಲಿಲ್ವಾ?"

"ಪುಸ್ತಕದಲ್ಲಿ ಎಂಟು ಅಂತಿದೆ."

"ಅವನು ನಮ್ಮ ಪುಸ್ತಕ ಓದಿಲ್ವಲ್ಲ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಬ್ರೆನ್. ಆ ವಾರವೆಲ್ಲ ಟೀಗ್ ಹಾಗೇ ಮಾಡಿದ. ನನ್ನನ್ನು ಕೆಡಿಸಿ ಗೆಳೆಯನಿಗೆ ಜಾಗ ಕೊಡಿಸಲು ಬಂದಿದ್ದಾನೆ ಎಂದು ನಾನು ತೀರ್ಮಾನಿಸಿಬಿಟ್ಟೆ.

ಭಾನುವಾರ ಮೂರನೇ ಯತ್ನದಲ್ಲಿ ಐದು ಸಲ ಅವನು ಆರು ಗಜದಲ್ಲಿ ತಿರುಗಿ, ಎದೆಯ ಮುಂದೆ ಕೈಯೊಡ್ಡಿ ನಿಂತ. ಐದು ಸಲವೂ ನಾನು ಕಂಡೂ ಕಾಣದಂತೆ ದೂರದವರಿಗೆ ಎಸೆದೆ. ಒಂದೂ ಸಿಗಲಿಲ್ಲ. ಮೂರು ಅಂಕದಿಂದ ಸೋತೆವು.

ಸೋಮವಾರ ಬೆಳಿಗ್ಗೆ ಇಡೀ ತಂಡ ಕೂತು ಪಂದ್ಯದ ವಿಡಿಯೊ ನೋಡಬೇಕು. ಯಾರ ತಪ್ಪನ್ನೂ ಅಲ್ಲಿ ಮುಚ್ಚಿಡಲಾಗುವುದಿಲ್ಲ. ಆ ಐದರಲ್ಲಿ ಮೊದಲನೆಯದು ಬಂದಾಗಲೇ ಕ್ರೌಸ್ ಚಿತ್ರ ನಿಲ್ಲಿಸಿದರು. ಟೀಗ್ ಸುತ್ತ ನಾಲ್ಕು ಗಜ ಯಾರೂ ಇರಲಿಲ್ಲ.

"ಇದು ಯಾರ ತಪ್ಪು?"

"ನಂದು ಕೋಚ್" ಎಂದ ಟೀಗ್. "ಎಂಟಕ್ಕೆ ಹೋಗ್ಬೇಕಿತ್ತು. ಟ್ಯಾಡ್ ಅಲ್ಲಿ ಹುಡುಕ್ತಿದ್ದ."

"ಐದು ಸಲನೂ?"

"ವಯಸ್ಸಾಯ್ತಲ್ಲ."

ನಲವತ್ತು ಜನ ನಕ್ಕರು. ನನಗೆ ಮಾತ್ರ ಅನುಮಾನ ಇನ್ನಷ್ಟು ಬಲವಾಯಿತು. ಹೊರಗೆ ಅವನನ್ನು ತಡೆದೆ.

"ಏನ್ ಬೇಕು ನಿಂಗೆ?"

"ಚೆಂಡು ಬೇಕು. ಅಷ್ಟು ಜನರ ಮುಂದೆ ನಿನ್ನ ಮಾನ ಹೋದ್ರೆ ಬರೋ ವಾರ ನಿನ್ನ ಕೈ ನಡುಗುತ್ತೆ. ನಡುಗೋ ಕೈಯಿಂದ ನಂಗೆ ಚೆಂಡು ಬರಲ್ಲ."

"ಬ್ರೆನ್ ಹೇಳ್ಕೊಟ್ನಾ ಈ ಮಾತು?"

ಅವನು ಬೆನ್ನು ತಿರುಗಿಸಿ ಹೊರಟುಹೋದ.

ಮಂಗಳವಾರ ನಾವು ಬಟ್ಟೆ ಬದಲಿಸುತ್ತಿದ್ದಾಗ ಕಚೇರಿಯವನು ಬಂದ. "ಟೀಗ್, ಕೋಚ್ ಕರೀತಿದ್ದಾರೆ. ಪುಸ್ತಕ ತಗೊಂಡು ಬರ್ಬೇಕಂತೆ."

ಆಟದ ಪುಸ್ತಕ ವಾಪಸ್ ಕೇಳಿದರೆಂದರೆ ಕೆಲಸ ಹೋಯಿತೆಂದೇ ಲೆಕ್ಕ. ಕೋಣೆಯಲ್ಲಿದ್ದವರೆಲ್ಲ ಬಗ್ಗಿ ಬೂಟಿನ ದಾರ ಕಟ್ಟತೊಡಗಿದರು. ಬ್ರೆನ್ ಕೂಡ. ಟೀಗ್‌ನ ಜೊತೆಗಾರ ಎಂದು ನಾನು ಅಂದುಕೊಂಡಿದ್ದವನು ಅವನತ್ತ ತಲೆಯೆತ್ತಿಯೂ ನೋಡಲಿಲ್ಲ. ಅಲ್ಲಿಗೆ ನಾನು ಇಡೀ ವಾರ ಕಟ್ಟಿಕೊಂಡಿದ್ದ ಕಥೆ ಕುಸಿಯಿತು. ಸಂಚು ಇರಲೇ ಇಲ್ಲ. ಒಬ್ಬ ಮುದುಕ ಖಾಲಿ ಜಾಗ ಹುಡುಕಿ ನಿಲ್ಲುತ್ತಿದ್ದ, ನಾನು ಕಣ್ಣು ಬೇರೆ ಕಡೆ ಹಾಕಿದ್ದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಸುಮ್ಮನಿದ್ದರೆ ನನ್ನ ಜಾಗ ಉಳಿಯುತ್ತಿತ್ತು. ಅದು ಗೊತ್ತಿದ್ದೇ, ಟೀಗ್ ಕಪಾಟು ಖಾಲಿ ಮಾಡುವಷ್ಟರಲ್ಲಿ ಅವನಿಗಿಂತ ಮೊದಲು ಕ್ರೌಸ್ ಕೋಣೆಗೆ ಹೋದೆ.

"ಕೋಚ್, ನಿನ್ನೆ ಅವನು ಹೇಳಿದ್ದು ಸುಳ್ಳು. ಅವನು ಸರಿಯಾದ ಜಾಗದಲ್ಲೇ ಇದ್ದ. ನಾನು ಬೇಕಂತಲೇ ಎಸೀಲಿಲ್ಲ."

"ಬೇಕಂತಲೇ?"

"ಅವನ ಮೇಲೆ ಅನುಮಾನ ಇತ್ತು."

ಕ್ರೌಸ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಪುಸ್ತಕ ಅವನ ಹತ್ರಾನೇ ಇರ್ಲಿ ಅಂತ ಹೇಳು. ಹಾಗೇ ಬ್ರೆನ್‌ನ ಕಳಿಸು" ಎಂದರು.

ಟೀಗ್ ಬಾಗಿಲ ಹೊರಗೇ ನಿಂತಿದ್ದ. ವಿಷಯ ಹೇಳಿದೆ.

"ದಡ್ಡ ಕಣೋ ನೀನು" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

ಮುಂದಿನ ಭಾನುವಾರ ನಾನು ಗೆರೆಯ ಹೊರಗೆ ನಿಂತಿದ್ದೆ. ಮೂರನೇ ಯತ್ನ ಬಂದಾಗಲೆಲ್ಲ ಟೀಗ್ ಒಮ್ಮೆ ಐದಕ್ಕೆ, ಒಮ್ಮೆ ಏಳಕ್ಕೆ, ಎಲ್ಲಿ ಜನವಿಲ್ಲವೋ ಅಲ್ಲಿ ನಿಲ್ಲುತ್ತಿದ್ದ. ಬ್ರೆನ್ ಎಸೆಯುತ್ತಿದ್ದ. ಹಿಡಿದವನು ಉಳಿದ ಒಂದೆರಡು ಗಜ ಮೈಯೊಡ್ಡಿ ನುಗ್ಗಿ ಬೀಳುತ್ತಿದ್ದ. ನಾವು ಮುಂದೆ ಮುಂದೆ ಹೋದೆವು. ಆರು ವಾರದಲ್ಲಿ ಮೊದಲ ಗೆಲುವು. ಎಂಟನೇ ಸಲ ಚೆಂಡು ಅವನ ಎದೆ ಸೇರಿದಾಗ ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಹೊಟ್ಟೆ ಮಾತ್ರ ಉರಿಯುತ್ತಲೇ ಇತ್ತು.