ಬಾಗಿಲ ಮೇಲಿನ ತೂತು

ನಮ್ಮ ಭಾವನಿಗೆ ನೀರೆಂದರೆ ಮೊದಲಿಂದಲೂ ತಾತ್ಸಾರ. ಮೇಲಿಂದ ಬೀಳುತ್ತದೆ, ಕೆಳಗೆ ಹೋಗುತ್ತದೆ, ಅದಕ್ಕೆಂಥ ಲೆಕ್ಕ ಎನ್ನುವ ಪೈಕಿ. ನನ್ನ ಹೊಟ್ಟೆಪಾಡೇ ಆ ಲೆಕ್ಕ. ಜೋರು ಮಳೆಯಲ್ಲಿ ಯಾವ ಛಾವಣಿಗೆ ಎಷ್ಟು ನೀರು ಬೀಳುತ್ತದೆ, ಅದನ್ನು ಹಿಡಿಯಲು ಅಂಚಿನ ತಗಡು ದೋಣಿ ಎಷ್ಟಗಲ ಬೇಕು, ಇಳಿಸಲು ಪೈಪು ಎಷ್ಟು ದಪ್ಪ ಬೇಕು ಎಂದು ಗೊತ್ತುಮಾಡಿ ಕೊಡುವವನು ನಾನು.

ಅಕ್ಕ ಇಷ್ಟು ವರ್ಷ ಅಡುಗೆಮನೆಯ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿದವಳು. ಈಗ ಅವಳದೇ ಅಂತ ಒಂದು ಅಂಗಡಿ ಎದ್ದಿತ್ತು. ಮೇಲೆ ತಗಡಿನ ಛಾವಣಿ, ಮುಂದೆ ದೋಣಿಯನ್ನು ಮರೆಮಾಡುವ ಮೋಟು ಗೋಡೆ. ನಾಲ್ಕಿಂಚಿನ ಎರಡು ಪೈಪು ಹಾಕಿಸಿ, ಆ ಗೋಡೆಯಲ್ಲಿ ಬಾಗಿಲ ಮೇಲಕ್ಕೆ ಒಂದು ಗೇಣಗಲದ ತೂತು ಬಿಡಿಸಿ ಎಂದು ಭಾವನಿಗೆ ಮೂರು ಸಲ ಹೇಳಿದ್ದೆ. ಕೆಲಸ ಮಾಡಿಸಿದ್ದು ಅವರು.

ಮೊದಲ ದೊಡ್ಡ ಮಳೆಗೇ ಅಕ್ಕನ ಫೋನು ಬಂತು. ಓಡಿದೆ. ಒಳಗಿನ ಗೋಡೆಯುದ್ದಕ್ಕೂ ನೀರು ಇಳಿಯುತ್ತಿತ್ತು. ಮರುದಿನ ಶಾಲೆಗೆ ಕೊಡಬೇಕಾದ ಸಮವಸ್ತ್ರದ ಕಟ್ಟುಗಳನ್ನು ಅವಳು ಎದೆಗೆ ಅವಚಿಕೊಂಡು ಮೇಜಿನ ಮೇಲೆ ಪೇರಿಸುತ್ತಿದ್ದಳು. ಅವಳ ಮೊದಲ ದೊಡ್ಡ ಕೆಲಸ ಅದು. ಅರ್ಧ ಆಗಲೇ ತೊಯ್ದಿತ್ತು.

ಹೊರಗೆ ಬಾಗಿಲ ಪಕ್ಕಕ್ಕೆ ಏಣಿ ಹಾಕಿ ಹತ್ತಿದೆ. ದೋಣಿಯಲ್ಲಿ ಒಂದು ಎಲೆಯೂ ಇಲ್ಲ, ಆದರೂ ತುಂಬಿ ತುಳುಕಿ ಒಳಗೆ ನುಗ್ಗುತ್ತಿತ್ತು. ತೂತು ಇರಬೇಕಾದಲ್ಲಿ ನುಣ್ಣನೆಯ ಗಾರೆ, ಮೇಲೆ ಹಳದಿ ಬಣ್ಣ.

"ಭಾವ, ತೂತು ಮುಚ್ಚಿಸಿದ್ದು ಯಾರು?"

"ನಾನೇ ಕಣಯ್ಯಾ," ಎಂದರು ಭಾವ, ಬಾಗಿಲಲ್ಲಿ ನಿಂತುಕೊಂಡೇ. "ಹೊಸ ಅಂಗಡಿ ಮುಖಕ್ಕೆ ಮೂಗಿನ ಹೊಳ್ಳೆ ಥರ ಅದ್ಯಾಕೆ? ಸೋರಿದ್ರೆ ಬಣ್ಣ ಹಾಳು."

"ಪೈಪು ಮೂರಿಂಚಿಂದು ಹಾಕ್ಸಿದ್ದೀರಲ್ಲ!"

"ತೆಳ್ಳಗೆ ಚೆನ್ನಾಗಿ ಕಾಣುತ್ತೆ. ಒಂದಿಂಚಿಗೆ ಆಕಾಶ ಕಳಚಿ ಬೀಳುತ್ತಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ಒಂದಿಂಚು ಕಮ್ಮಿ ಅಂದ್ರೆ ಪೈಪಿನ ಬಾಯಿ ಹೆಚ್ಚುಕಮ್ಮಿ ಅರ್ಧ ಆಯ್ತು ಭಾವ! ಆ ತೂತು ಇಟ್ಟಿದ್ದೇ ಸೋರ್ಲಿ ಅಂತ. ಪೈಪು ಸಾಲದೆ ಹೋದ್ರೆ ನೀರು ಹೊರಗೆ ಬೀಳ್ಲಿ, ಎಲ್ಲರ ಕಣ್ಣಿಗೂ ಕಾಣ್ಲಿ ಅಂತ. ನೀವು ಅದನ್ನ ಅಕ್ಕನ ಬಟ್ಟೆ ಮೇಲೆ ತಿರುಗಿಸಿದ್ದೀರಿ!"

"ಕೂಗಾಡಬೇಡ. ಮಳೆ ನಿಲ್ಲಲಿ, ನೋಡೋಣ. ಗೋಡೆಗೆ ಮಾತ್ರ ಕೈ ಹಚ್ಚಬೇಡ."

ಇಂಥ ಮಾತಿಗೆಲ್ಲ ಇಷ್ಟು ವರ್ಷ ತಲೆಯಾಡಿಸಿದವಳು ಅಕ್ಕ. ನನಗೆ ಅವಳ ಮೇಲೂ ಸಿಟ್ಟಿತ್ತು. ಅವಳು ಕೈಯಲ್ಲಿದ್ದ ಕಟ್ಟು ಮೇಜಿನ ಮೇಲಿಟ್ಟು ಹೊರಗೆ ಬಂದು, ಏಣಿಯ ಬುಡದಲ್ಲಿದ್ದ ನನ್ನ ಚೀಲದಿಂದ ಸುತ್ತಿಗೆ, ಉಳಿ ತೆಗೆದುಕೊಂಡಳು.

"ನೀನು ಇಳಿ. ಏಣಿ ಹಿಡ್ಕೋ."

ಸೆರಗು ಸಿಕ್ಕಿಸಿ ಮಳೆಯಲ್ಲೇ ಹತ್ತಿದಳು.

"ಬಣ್ಣ ಕಣೇ, ಬಣ್ಣ!" ಎಂದು ಭಾವ ಹೊಸ್ತಿಲಿಂದ ಒಂದು ಹೆಜ್ಜೆ ಹೊರಗೆ ಬಂದು ಮೇಲೆ ನೋಡಿದರು.

"ಎಷ್ಟಗಲ ಅಂದಿದ್ದೆ?" ಎಂದು ಅಕ್ಕ ನನ್ನನ್ನು ಕೇಳಿದಳು.

"ಒಂದು ಗೇಣು."

ಗಾರೆ ಹೊಸದು, ನಾಲ್ಕೈದು ಏಟಿಗೆ ಒಡೆಯಿತು. ದೋಣಿಯ ನೀರೆಲ್ಲ ಒಮ್ಮೆಗೇ ಭಾವನ ನೆತ್ತಿಯ ಮೇಲೆ ಸುರಿಯಿತು. ಅವರು ಮುಖ ಒರೆಸಿಕೊಳ್ಳುತ್ತ ಕಿರುಚಿದರು: "ಪಕ್ಕಕ್ಕೆ ಸರಿಯಿರಿ ಅಂತ ಒಂದು ಮಾತು ಹೇಳಬಾರದಾ?"

"ನನ್ನ ಬಟ್ಟೆಗಳಿಗೆ ನೀವು ಹೇಳಿದ್ರಾ?" ಎಂದಳು ಅಕ್ಕ. ಮತ್ತೆ ಉಳಿಯಿಟ್ಟು, ತೂತನ್ನು ಇನ್ನೂ ಅಗಲ ಮಾಡತೊಡಗಿದಳು.