ಗೈರುಹಾಜರಾದವರ ಇಟ್ಟಿಗೆ

ಶನಿವಾರ ಬೆಳಿಗ್ಗೆ ಆರು ಗಂಟೆ. ಮಾಲೂರಿನ ಹೊರಗಿನ ಇಟ್ಟಿಗೆ ಗೂಡಿನಲ್ಲಿ ಹನ್ನೊಂದು ಜನ ಹೆಂಗಸರು ಸೋಪು ಹಾಕಿ ಮುಖ ತೊಳೆಯುತ್ತಿದ್ದರು. ದಿನವೆಲ್ಲ ಮಣ್ಣು ತುಳಿಯಲು ಹೋಗುವ ಮುಂಚೆ ಹೀಗೆ ಉಜ್ಜಿ ಉಜ್ಜಿ ಮುಖ ತೊಳೆಯುವವರು ಪ್ರಪಂಚದಲ್ಲಿ ಇವರಷ್ಟೇ ಇರಬೇಕು. ನೀರು ಐಸಿನಂತಿತ್ತು. ಅಂಗೈಯ ಬಿರುಕಿಗೆ ಸೋಪು ಹೊಕ್ಕು ಉರಿಯುತ್ತಿತ್ತು. ತೊಳೆದವರು ಒಬ್ಬೊಬ್ಬರೇ ಹೋಗಿ ಆಫೀಸಿನ ಗೋಡೆಗೆ ಕಟ್ಟಿದ್ದ ಮೊಬೈಲಿನ ಮುಂದೆ ನಿಂತು ಹಲ್ಲು ಕಿರಿದರು.

ಹನ್ನೊಂದು ಸಲವೂ ಕೆಂಪು ದೀಪ. 'ಮುಖ ಹೊಂದುತ್ತಿಲ್ಲ.'

"ಇದರ ಮುಖಕ್ಕಿಷ್ಟು ಬೆಂಕಿ ಹಾಕ," ಅಂದಳು ದೊಡ್ಡಗಂಗಮ್ಮ. ಗೂಡಿನಲ್ಲಿ ಎಲ್ಲರಿಗಿಂತ ಹಿರಿಯಳು ಅವಳೇ. "ನಲವತ್ತು ವರ್ಷ ಸಂಸಾರ ಮಾಡಿದ್ ಗಂಡನೂ ನನ್ನ ಇಷ್ಟೊತ್ತು ನೋಡಿರ್ಲಿಲ್ಲ ಕಣ್ರೇ. ಇದು ಇಷ್ಟು ನೋಡಿ ನೀನ್ಯಾರು ಅಂತದೆ!"

ಎಲ್ಲರೂ ನಕ್ಕರು. ನಗದೇ ಇದ್ದವಳು ಮೌನಿಕಾ ಒಬ್ಬಳೇ. ಗೂಡಿನ ಕೂಲಿ ಸುನಂದಳ ಮಗಳು, ಡಿಗ್ರಿ ಎರಡನೇ ವರ್ಷ. ಕಾಲೇಜಿಗೆ ರಜೆ ಇದ್ದದ್ದಕ್ಕೆ ಅಮ್ಮನ ಜೊತೆ ಬಂದಿದ್ದಳು. ಈ ಮೊಬೈಲ್ ಗೋಡೆ ಹತ್ತುವುದಕ್ಕೆ ಕಾರಣವೇ ಅವಳು.

ಹೋದ ವಾರದವರೆಗೆ ಮೇಸ್ತ್ರಿ ಮುನಿಯಲ್ಲಪ್ಪ ಒಂದು ನೋಟ್‌ಬುಕ್ಕಿನಲ್ಲಿ ಹಾಜರಿ ಹಾಕುತ್ತಿದ್ದ. ಬಂದವರ ಹೆಸರಿನ ಮುಂದೆ ಒಂದು ಗೀಟು, ಅಷ್ಟೇ. ಮೌನಿಕಾ ಅವನನ್ನು ಆಡಿಕೊಂಡಿದ್ದಳು. "ತಾತ, ಇನ್ನೂ ಪೆನ್ಸಿಲ್ಲಾ? ನಿನ್ನ ಮ್ಯೂಸಿಯಮ್ಮಲ್ಲಿ ಇಡ್ಬೇಕು!" ಮುನಿಯಲ್ಲಪ್ಪ, "ಇದಕ್ಕೆ ಚಾರ್ಜ್ ಹಾಕೋ ಹಂಗಿಲ್ಲ ಕಣಮ್ಮ," ಅಂದಿದ್ದ. ಮಾಲೀಕ ಅಮರನಾಥ್ ಮಾತ್ರ ಕಿವಿ ನಿಮಿರಿಸಿದ. ಮುಖ ನೋಡಿ ಹಾಜರಿ ಹಾಕುವ ಆಪ್ ತಂದ. "ಎಲ್ಲರ ಫೋಟೋ ತೆಗೆದು ಇದಕ್ಕೆ ತುಂಬಮ್ಮ. ನೀನೇ ನಮ್ ಕಂಪ್ಯೂಟರ್ ಇಂಜಿನಿಯರು," ಅಂದ. ಮೌನಿಕಾ ಉಬ್ಬಿಹೋದಳು. ಓದುತ್ತಿದ್ದದ್ದು ಬಿ.ಎ. ಇತಿಹಾಸ.

ಭಾನುವಾರ ಹನ್ನೊಂದು ಹೆಂಗಸರೂ ಮದುವೆ ಸೀರೆ ಉಟ್ಟು, ಪೌಡರ್ ಬಳಿದು ಫೋಟೋಕ್ಕೆ ಬಂದರು. ಮೌನಿಕಾ ತನ್ನ ಫೋನಿನಲ್ಲೇ ಕ್ಲಿಕ್ಕಿಸಿದಳು. ಸೋಮವಾರದಿಂದ ಕೆಂಪು ದೀಪ. "ನೆಟ್‌ವರ್ಕ್ ಪ್ರಾಬ್ಲಂ, ಶನಿವಾರ ಕೂಲಿ ಕೊಡೋದ್ರೊಳಗೆ ಸರಿಹೋಗ್ತದೆ, ಕೆಲಸ ಮಾಡ್ರಿ," ಎಂದು ಅಮರನಾಥ್ ಐದು ದಿನ ದುಡಿಸಿಕೊಂಡ.

ಈಗ ಮೌನಿಕಾ ಆಪಿನಲ್ಲಿದ್ದ ದೊಡ್ಡಗಂಗಮ್ಮನ ಫೋಟೋ ತೆರೆದಳು.

ದೊಡ್ಡಗಂಗಮ್ಮ ಇಣುಕಿದಳು. "ಎವರೇ ಈಮೆ? ಯಾರೇ ಇವ್ಳು, ಯಾರ ಮನೆ ಸೊಸೆ?"

"ನೀನೇ ಅಜ್ಜಿ."

ಫೋಟೋದಲ್ಲಿ ದೊಡ್ಡಗಂಗಮ್ಮ ಹಾಲಿನಂತೆ ಬೆಳ್ಳಗಿದ್ದಳು. ಸುಕ್ಕು ಇಲ್ಲ. ಗಲ್ಲದ ಮೇಲಿನ ಕಡಲೆಕಾಳಿನಷ್ಟು ದೊಡ್ಡ ಮಚ್ಚೆಯೂ ಇಲ್ಲ. ಮೌನಿಕಾಳ ಫೋನಿನಲ್ಲಿ ಮುಖ ಬೆಳ್ಳಗೆ ಮಾಡುವ ಫಿಲ್ಟರ್ ಸದಾ ಆನ್ ಇರುತ್ತಿತ್ತು. ಅದನ್ನು ಆಫ್ ಮಾಡಬಹುದು ಅನ್ನುವುದೇ ಅವಳಿಗೆ ಮರೆತುಹೋಗಿತ್ತು. ಅವಳ ನಿಜವಾದ ಮುಖವನ್ನು ಅವಳ ಫೋನೂ ನೋಡಿ ವರ್ಷವಾಗಿತ್ತು.

"ಅಯ್ಯೋ ನನ್ ಬಂಗಾರ," ಸುನಂದ ಹಣೆ ಚಚ್ಚಿಕೊಂಡಳು. "ಇದಕ್ಕೇನೇ ನಿನ್ನ ದಿನಾ ರೈಲು ಹತ್ತಿಸಿ ಕಾಲೇಜಲ್ಲಿ ಓದುಸ್ತಿರೋದು?"

ಮೌನಿಕಾ ಆಫೀಸಿಗೆ ಓಡಿದಳು. "ಸಾರ್, ತಪ್ಪು ನಂದು. ಫೋಟೋ ಬೇರೆ ತೆಗೀತೀನಿ. ಅವರು ಐದು ದಿನಾನೂ ಬಂದವ್ರೆ, ಕೂಲಿ ಹಾಕ್ಬಿಡಿ."

ಅಮರನಾಥ್ ಟೀ ಹೀರಿದ. "ಸೋಮವಾರದಿಂದ ಸರಿಯಾಗಿ ಹಾಕೋಣ. ಹೋಗಿದ್ದು ಹೋಯ್ತು. ಆಪಲ್ಲಿ ಯಾರೂ ಬಂದಿಲ್ಲ."

"ನೀವೇ ದಿನಾ ಕಣ್ಣಾರೆ ನೋಡಿದೀರಲ್ಲ ಸಾರ್?"

"ನನ್ ಕಣ್ಣು ಲೆಕ್ಕಕ್ಕಿಲ್ಲಮ್ಮ. ನೀನೇ ಹೇಳಿದ್ದಲ್ವಾ, ಮನುಷ್ಯ ಮರೀತಾನೆ, ಮಿಷಿನ್ನು ಮರೆಯಲ್ಲ ಅಂತ?"

ಹೇಳಿದ್ದಳು. ಕೈ ತಿರುಗಿಸಿ ತಿರುಗಿಸಿ ಹೇಳಿದ್ದಳು.

ಹೊರಗೆ ಬಂದು ನಡೆದದ್ದು ತಿಳಿಸಿದಾಗ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ದೊಡ್ಡಗಂಗಮ್ಮ ಅಂಗಳದ ತುಂಬ ಒಣಗಲು ಇಟ್ಟಿದ್ದ ಹಸಿ ಇಟ್ಟಿಗೆಯ ಸಾಲುಗಳನ್ನೇ ನೋಡುತ್ತಾ ನಿಂತಳು.

"ನಾವು ಬಂದೇ ಇಲ್ಲ ಅಂದ್ಮೇಲೆ, ಇವನ್ನ ಯಾರು ಮಾಡಿದ್ದು?"

ಅವಳೇ ಬಗ್ಗಿ ಒಂದು ಇಟ್ಟಿಗೆಯನ್ನು ಮುಟ್ಟಿ ನೋಡಿದಳು.

"ಯಾರೂ ಮಾಡಿಲ್ಲ. ಅಂದ್ರೆ ಇವು ಇಲ್ಲಿ ಇರಬಾರ್ದು."

ಸೀರೆ ಎತ್ತಿ ಸಿಕ್ಕಿಸಿ ಅವಳು ಮೊದಲ ಸಾಲಿನ ಮೇಲೆ ಕಾಲಿಟ್ಟಳು. ನಿನ್ನೆಯ ಇಟ್ಟಿಗೆ ಪಚಕ್ಕೆಂದಿತು. ಸುನಂದ ಮುಖ ತೊಳೆಯುವ ಡ್ರಮ್ಮಿನಿಂದ ಬಕೆಟ್ ತುಂಬಿ ಸೋಮವಾರದ ಒಣ ಸಾಲಿನ ಮೇಲೆ ಸುರಿದಳು. ಉಳಿದವರೂ ಇಳಿದರು. ಮೌನಿಕಾ ಆವೇಶದಿಂದ ಹಾರಿ, ಕಾಲೇಜ್ ಶೂ ಜಾರಿ, ಮೊದಲನೇ ಹೆಜ್ಜೆಗೇ ಅಂಗಾತ ಬಿದ್ದಳು. ಕ್ರಾಂತಿ ಮಾಡುವುದಕ್ಕೂ ಬರಿಗಾಲು ಬೇಕು ಎಂದು ಯಾವ ಪಾಠದಲ್ಲೂ ಇರಲಿಲ್ಲ.

ಅಮರನಾಥ್ ಟೀ ಲೋಟ ಹಿಡಿದೇ ಓಡಿಬಂದ.

"ಲೇ ಗಂಗಮ್ಮಾ! ನಿಲ್ಸೇ! ಸುನಂದಾ, ಬಕೆಟ್ ಇಡು ಕೆಳಗೆ! ಪಿಳ್ಳಮ್ಮಾ, ನೀನೂನಾ? ಏಯ್ ಮುನಿರತ್ನಾ..."

ಹೆಂಗಸರು ಅವನಿಗೆ ಬೆನ್ನು ಮಾಡಿದ್ದರು. ತಲೆಯಿಂದ ಕಾಲಿನವರೆಗೆ ಕೆಸರು. ಆದರೂ ಅವನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿದ. ಹನ್ನೊಂದರಲ್ಲಿ ಒಂದೂ ತಪ್ಪಲಿಲ್ಲ.

"ಇದೀನಿ ಸಾರ್!" ಅಂದಳು ದೊಡ್ಡಗಂಗಮ್ಮ.

"ಇದೀನಿ!" ಅಂದಳು ಸುನಂದ.

"ಇದೀನಿ!" "ಇದೀನಿ ಸಾರ್!" ಅಂಗಳದ ಉದ್ದಕ್ಕೂ ಕೂಗು ಹೋಯಿತು. ಕೂಲಿ ಪಟ್ಟಿಯಲ್ಲೇ ಇಲ್ಲದ ಮೌನಿಕಾ ಕೂಡ ತಡೆಯಲಾರದೆ ಬಿದ್ದಲ್ಲಿಂದಲೇ "ನಾನೂ ಇದೀನಿ!" ಎಂದು ಕಿರುಚಿದಳು.

ಹಾಜರಿ ಕೂಗಿದ್ದು ತಾನೇ ಎಂದು ಅಮರನಾಥನಿಗೆ ಆಗ ಹೊಳೆಯಿತು.

ದೊಡ್ಡಗಂಗಮ್ಮ ಮಂಗಳವಾರದ ಸಾಲಿನ ಮೇಲೆ ಕಾಲೆತ್ತಿ, ಇಡದೆ, ಗಾಳಿಯಲ್ಲೇ ಹಿಡಿದು ಅವನತ್ತ ತಿರುಗಿದಳು.

"ಐದು ದಿನದ್ದು ಕೊಡ್ತೀನಿ ಅಂತ ಈಗ್ಲೇ ಹೇಳಿ ಸಾರ್. ಮುದ್ಕಿ ಕಾಲು. ಬಾಳ ಹೊತ್ತು ಎತ್ಕೊಂಡಿರಕ್ಕಾಗಲ್ಲ."